ಪಾಲುದಾರ ಸಭೆಗಳಲ್ಲಿ ಗೌರವ ಪ್ರತಿನಿಧಿ: ನನ್ನ ಅನುಭವ

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಕ್ರೈಸ್ತ ಪ್ರಚಾರಕರು 1834ರಲ್ಲಿ ಮಂಗಳೂರಿಗೆ ಬಂದಾಗ ಶುರುವಾದ ನಂಟು ಇನ್ನೂ ಮುಗಿದಿಲ್ಲ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿರುವ ಇಎಂಎಸ್ ಎಂಬ ಚರ್ಚು-ಮಿಷನ್‌ಗಳ ಒಕ್ಕೂಟದಲ್ಲಿ ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ, ಸಭೆ ಎಂದರೆ ಇಲ್ಲಿ ಚರ್ಚು) ಸದಸ್ಯ ಸಭೆ. ಅಂಥ ಕಡೆಗೆ ಸಂಬಳವಿಲ್ಲದ ಪ್ರತಿನಿಧಿಯಾಗಿ ಹೊರಡುವ ಮುನ್ನ ನಾನು ಬಿಷಪ್ಪರ ಸಹಿಯಿರುವ ಪರಿಚಯ ಪತ್ರ ಕೇಳಿ ಪಡೆಯುತ್ತೇನೆ. ಯಾವ ವಿಷಯದಲ್ಲಿ ಸಭೆಯ ಪರವಾಗಿ ಮಾತಾಡಬಹುದು, ಯಾವುದರಲ್ಲಿ ಕೂಡದು ಎಂಬುದು ಅದರಲ್ಲೇ ಬರೆದಿರಬೇಕು. ದೀಕ್ಷೆ ಪಡೆದ ಸಭಾಪಾಲಕರೋ ಸಾಮಾನ್ಯ ಸಭಿಕರೋ ಎಂಬುದೂ ಇರಲಿ; ಇಲ್ಲದಿದ್ದರೆ ಕರ್ತನ ಭೋಜನ (ದೀಕ್ಷೆ ಪಡೆದವರಷ್ಟೇ ನಡೆಸುವ ರೊಟ್ಟಿ-ದ್ರಾಕ್ಷಾರಸದ ಸಂಸ್ಕಾರ) ನಡೆಸಿಕೊಡಿ ಎಂದು ಅಲ್ಲಿಯವರು ಕರೆದಾಗ ಎರಡೂ ಕಡೆ ಮುಜುಗರ.

ಯೂರೋಪಿನ ಹಲವು ದೇಶಗಳಿಗೆ ಒಟ್ಟಿಗೇ ಸಲ್ಲುವ ಷೆಂಗೆನ್ ವೀಸಾದ ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳ ಮುಂಚೆಯಿಂದಲೇ ಹಾಕಬಹುದು. ಕೊನೆಗೆ 15 ದಿನವಾದರೂ ಉಳಿದಿರಬೇಕು. ಬಾಸೆಲ್, ಸ್ಟುಟ್‌ಗಾರ್ಟ್ ಎರಡಕ್ಕೂ ಹೋಗುವುದಾದರೆ ಹೆಚ್ಚು ದಿನ ಇರುವ ದೇಶಕ್ಕೇ ಅರ್ಜಿ. ಪ್ರಯಾಣದ ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೋ. ವಸತಿ, ಊಟ, ರೈಲಿನ ಖರ್ಚು ಯಾರದೆಂದು ಆಮಂತ್ರಣ ಪತ್ರದಲ್ಲಿ ಬಿಡಿಸಿ ಬರೆಸಿಕೊಳ್ಳಿ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಹಣದಲ್ಲಿ. ಆರಾಧನೆ ಮುಗಿದ ಮೇಲೆ ಯಾರೋ ಪ್ರೀತಿಯಿಂದ ಲಕೋಟೆ ಕೈಗಿಡುತ್ತಾರೆ: "ನಿಮ್ಮ ಹಾಸ್ಟೆಲ್ ಮಕ್ಕಳಿಗೆ." ತೆಗೆದುಕೊಳ್ಳಬಾರದು. ಸಂಸ್ಥೆಗೆ ಬರುವ ವಿದೇಶಿ ದೇಣಿಗೆ ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಖಾತೆಗೇ ಬೀಳಬೇಕು. 2020ರ ತಿದ್ದುಪಡಿಯ ನಂತರ ಹಾಗೆ ಬಂದದ್ದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ. ಹಾಗಾಗಿ "ನಮ್ಮ ಡಯಾಸಿಸ್ (ಬಿಷಪ್ಪರ ಆಡಳಿತ ಪ್ರಾಂತ್ಯ) ಮೂಲಕ ಆ ಟ್ರಸ್ಟಿಗೆ ಕಳಿಸಿ" ಎಂಬ ಸಲಹೆ ಕೊಡಲೇಬೇಡಿ. ಸಂಸ್ಥೆಯ ಎಫ್‌ಸಿಆರ್‌ಎ ನೋಂದಣಿ 5 ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಅದು ಚಾಲ್ತಿಯಲ್ಲಿದೆಯೇ ಎಂದು ಹೊರಡುವ ಮೊದಲೇ ಕಚೇರಿಯಲ್ಲಿ ವಿಚಾರಿಸಿಕೊಳ್ಳುತ್ತೇನೆ. ಲಕೋಟೆ ಕೊಡುವವರಿಗೆ ಕೃತಜ್ಞತೆ ಹೇಳಿ, ಅವರ ಸಭೆಯ ಕಚೇರಿಯ ಮೂಲಕವೇ ಕಳಿಸಲು ಕೇಳುತ್ತೇನೆ. ಮನಸ್ಸು ನೋಯುವುದಿಲ್ಲ, ಲೆಕ್ಕ ಚೊಕ್ಕವಾಗಿರುವುದನ್ನು ಅಲ್ಲಿಯವರು ಗೌರವಿಸುತ್ತಾರೆ.

ವಂದನೆಯ ಮಾತಿಗೆ 5 ನಿಮಿಷ ಕೊಟ್ಟರೆ ನಾನು ಬರೆದುಕೊಳ್ಳುವುದು ಎರಡೂವರೆ ನಿಮಿಷದ್ದು, ಉಳಿದದ್ದು ಅನುವಾದಕರದು. ಬರಹವನ್ನು ಅವರಿಗೆ ಮುನ್ನಾದಿನವೇ ಕೊಡಬೇಕು. ಬಡತನದ ಫೋಟೋ ತೋರಿಸಿ ಕರುಣೆ ಗಿಟ್ಟಿಸುವುದು ನನಗೆ ಒಪ್ಪಿಗೆಯಿಲ್ಲ. ನಾವು ಹೋಗುವುದು ಸಹೋದರ ಸಭೆಯಾಗಿ. ಮಕ್ಕಳ ಮುಖವಿರುವ ಚಿತ್ರಕ್ಕೆ ಪೋಷಕರ ಒಪ್ಪಿಗೆ ಬೇಕೇಬೇಕು.

ಶಾಲೆ ಕಟ್ಟಿಸಲು ನೆರವು, ಯುವಕರ ವಿನಿಮಯ ಎಂದು ಅಲ್ಲಿ ಮಾತು ಬಂದರೆ ನನ್ನ ಉತ್ತರ ಒಂದೇ: "ಡಯಾಸಿಸ್ ಕಚೇರಿಗೆ ತಿಳಿಸುತ್ತೇನೆ." ಮರಳಿದ ವಾರದಲ್ಲೇ ಒಂದು ಪುಟದ ವರದಿ: ಯಾರು ಏನು ಕೇಳಿದರು, ಏನು ಹೇಳಿ ಬಂದೆ, ಯಾರಿಗೆ ಕಚೇರಿ ಯಾವ ದಿನಾಂಕದೊಳಗೆ ಉತ್ತರಿಸಬೇಕು. ಒಂದು ಪ್ರತಿ ಬಿಷಪ್ಪರಿಗೆ, ಇನ್ನೊಂದು ಖಜಾಂಚಿಗೆ.