ಕೊನೆಯ ಪಂಕ್ತಿಯ ಊಟ

ಬೆಳಿಗ್ಗೆ ಎಂಟಕ್ಕೆ ಆರು ನೀರುದೋಸೆ, ಜೊತೆಗೆ ಕಾಯಿಬೆಲ್ಲ, ಒಂದು ಲೋಟ ಕಾಫಿ. ಹೊಟ್ಟೆ ತುಂಬಿದೆ ಎಂದುಕೊಂಡೇ ಮನೆ ಬಿಡುತ್ತಿದ್ದೆ. ಹನ್ನೊಂದಾಗುವಷ್ಟರಲ್ಲಿ ಕೈ ನಡುಗುವಂಥ ಹಸಿವು. ಎದುರಿಗೆ ಕೂತವರಿಗೆ ಪಥ್ಯ ಹೇಳುತ್ತಿರುವಾಗಲೂ ಮನಸ್ಸೆಲ್ಲ ಮೇಜಿನ ಡ್ರಾಯರಿನಲ್ಲಿದ್ದ ಬಿಸ್ಕತ್ತಿನ ಪೊಟ್ಟಣದಲ್ಲಿ. ಉಡುಪಿಯಲ್ಲಿ ಆಹಾರ ತಜ್ಞೆಯಾಗಿ ಆಗ ನನಗೆ 18 ವರ್ಷದ ಅನುಭವ. 2022ರ ಮಳೆಗಾಲದಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.1 ಬಂತು. 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಂತೆ. ನನ್ನ ಅಪ್ಪ ಆ ಹೊಸ್ತಿಲು ದಾಟಿ, ಕಾಲಿನ ಗಾಯ ಮಾಯದೆ ಎರಡು ವರ್ಷ ನರಳಿದ್ದನ್ನು ಹತ್ತಿರದಿಂದ ನೋಡಿದವಳು ನಾನು.

ಅಷ್ಟು ವರ್ಷ ನಾನು ಎಲ್ಲರಿಗೂ ಹೇಳುತ್ತಿದ್ದ ಮಾತು ಒಂದೇ: "ಸ್ವಲ್ಪ ಬಾಯಿ ಕಟ್ಟಬೇಕು." ನನಗೇ ಅದು ಆಗುತ್ತಿಲ್ಲ ಎಂದಾಗ ಆ ಮಾತು ಎಷ್ಟು ಕಠಿಣವಾದದ್ದು ಎಂದು ತಿಳಿಯಿತು. ಕಟ್ಟಬೇಕಾದದ್ದು ಬಾಯಿಯನ್ನೇ ಹೌದಾ ಎಂದು ಆಮೇಲೆ ಓದಲು ಕೂತೆ.

ಕಾಲೇಜಿನಲ್ಲಿ ಕಲಿತದ್ದು ಎರಡು ಹಾರ್ಮೋನುಗಳ ಕಥೆ. ಹೊಟ್ಟೆ ಖಾಲಿಯಾದಾಗ ಏರಿ ಹಸಿವು ಹುಟ್ಟಿಸುವುದು ಗ್ರೆಲಿನ್. ಕೊಬ್ಬಿನ ಕೋಶಗಳಿಂದ ಹೊರಟು ದಾಸ್ತಾನು ಸಾಕಷ್ಟಿದೆ ಎಂದು ಮೆದುಳಿಗೆ ತಿಳಿಸುವುದು ಲೆಪ್ಟಿನ್. ನಾನು ಗಮನ ಕೊಡದೇ ಬಿಟ್ಟದ್ದು ಕರುಳಿನ ಕೊನೆಯ ಭಾಗಕ್ಕೆ. ಸಣ್ಣ ಕರುಳು ಮುಗಿಯುವಲ್ಲಿ, ದೊಡ್ಡ ಕರುಳಿನ ಗೋಡೆಯಲ್ಲಿ ಎಲ್ ಕೋಶ ಎಂಬವು ಚದುರಿಕೊಂಡಿವೆ. ಇವು ಜಿಎಲ್‌ಪಿ-1 ಮತ್ತು ಪಿವೈವೈ ಎಂಬ ಎರಡು ಹಾರ್ಮೋನು ಬಿಡುತ್ತವೆ. ಎರಡರ ಸುದ್ದಿಯೂ ಒಂದೇ, ಇನ್ನು ಸಾಕು. ಜಿಎಲ್‌ಪಿ-1 ಹೊಟ್ಟೆಯಿಂದ ಅನ್ನ ಕೆಳಗಿಳಿಯುವ ವೇಗ ತಗ್ಗಿಸುತ್ತದೆ, ರಕ್ತದಲ್ಲಿ ಸಕ್ಕರೆ ಏರಿದ್ದರೆ ಮೇದೋಜ್ಜೀರಕಕ್ಕೆ ಇನ್ಸುಲಿನ್ ಬಿಡು ಎನ್ನುತ್ತದೆ. ಈ ಎಲ್ ಕೋಶಗಳನ್ನು ತಟ್ಟಿ ಎಬ್ಬಿಸುವವರಲ್ಲಿ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳೂ ಸೇರಿವೆ. ನಮಗೆ ಜೀರ್ಣವಾಗದ ನಾರನ್ನು ಅವು ಹುಳಿ ಬರಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲಗಳನ್ನು ಮಾಡುತ್ತವೆ. ಬ್ಯುಟಿರೇಟ್ ಕರುಳಿನ ಒಳಪದರದ ಕೋಶಗಳಿಗೇ ಊಟ. ಈ ಆಮ್ಲಗಳು ಎಲ್ ಕೋಶಗಳ ಮೇಲಿನ ಗ್ರಾಹಕಗಳಿಗೆ, ಅಂದರೆ ಸುದ್ದಿ ಹಿಡಿಯುವ ಕೊಂಡಿಗಳಿಗೆ, ಅಂಟಿದಾಗ "ಸಾಕು" ಎಂಬ ಸುದ್ದಿ ಹೊರಡುತ್ತದೆ.

ಬಂದವರಿಗೆ ಇದನ್ನು ನಾನು ಮಠದ ಊಟ ತೋರಿಸಿ ಹೇಳುತ್ತೇನೆ. ಬ್ಯಾಕ್ಟೀರಿಯಾಗಳು ಕೂತಿರುವುದು ಕೊನೆಯ ಪಂಕ್ತಿಯಲ್ಲಿ. ಬೆಳ್ತಿಗೆ ಅಕ್ಕಿಯ ದೋಸೆ, ಮೈದಾದ ಬನ್ಸ್, ಸಕ್ಕರೆ, ಇವೆಲ್ಲ ಮೊದಲ ಪಂಕ್ತಿಯಲ್ಲೇ ಖಾಲಿ. ರಕ್ತದಲ್ಲಿ ಸಕ್ಕರೆ ದಡಕ್ಕನೆ ಏರುತ್ತದೆ, ಇನ್ಸುಲಿನ್ ಹಿಂದಿನಿಂದ ಓಡುತ್ತದೆ, ಸಕ್ಕರೆ ಇಳಿಯುತ್ತದೆ, ಹನ್ನೊಂದಕ್ಕೆ ಕೈ ನಡುಗುತ್ತದೆ. ಕೊನೆಯ ಪಂಕ್ತಿಯಲ್ಲಿ ಎಲೆ ಹಾಕಿಕೊಂಡು ಕೂತವರಿಗೆ ಏನೂ ಬಡಿಸಿಲ್ಲ. ನಾರಿಲ್ಲದ ಆಹಾರ ಕೊಟ್ಟ ಇಲಿಗಳಲ್ಲಿ ಈ ಹಸಿದ ಬ್ಯಾಕ್ಟೀರಿಯಾಗಳು ಕರುಳನ್ನು ಕಾಯುವ ಲೋಳೆಯ ಪದರವನ್ನೇ ತಿನ್ನತೊಡಗುತ್ತವೆ ಎಂದು ಓದಿದಾಗ, ಅನ್ನ ಬಾರದೆ ಎಲೆಯನ್ನೇ ಹರಿದು ತಿನ್ನುವ ಹಸಿದವರ ಚಿತ್ರ ಕಣ್ಣಿಗೆ ಬಂತು. ಆ ದಿನದಿಂದ ನನ್ನ ಪ್ರಶ್ನೆ ಬದಲಾಯಿತು. ನಾನು ಎಷ್ಟು ತಿಂದೆ ಎಂದು ಕೇಳುವ ಬದಲು, ಕೊನೆಯವರೆಗೆ ಏನು ತಲುಪಿತು ಎಂದು ಕೇಳಿಕೊಳ್ಳಲು ಶುರುಮಾಡಿದೆ.

ಒಂದು ನೋಟ್ ಪುಸ್ತಕ ಇಟ್ಟೆ. ತಿಂದದ್ದು, ತಿಂದ ಹೊತ್ತು, ಹನ್ನೊಂದು ಗಂಟೆಗೆ ಹಸಿವಿಗೆ ಹತ್ತರಲ್ಲಿ ಎಷ್ಟು ಅಂಕ, ಇಷ್ಟೇ ಬರೆಯುವುದು. ಮೊದಲ ವಾರ ನಾರಿನ ಲೆಕ್ಕ ಹಾಕಿದರೆ ದಿನಕ್ಕೆ 13 ಗ್ರಾಂ ದಾಟಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ವಯಸ್ಕರಿಗೆ ಹೇಳಿದ್ದು ಕನಿಷ್ಠ 25 ಗ್ರಾಂ. ಪಲ್ಯವಿಲ್ಲದ ಮನೆಯಲ್ಲ ನಮ್ಮದು. ಆದರೆ ಒಂದು ದೊಡ್ಡ ಚಮಚ ಅಲಸಂಡೆ ಪಲ್ಯದ ಪಕ್ಕದಲ್ಲಿ ಗುಡ್ಡೆಯಾಗಿ ಅನ್ನ ಇರುತ್ತಿತ್ತು.

ಇಲ್ಲಿ ನಾನು ಮಾಡಿದ ತಪ್ಪನ್ನು ವಿವರವಾಗಿ ಹೇಳಬೇಕು, ಯಾಕೆಂದರೆ ಹೆಚ್ಚಿನವರು ಸೋಲುವುದು ಇಲ್ಲೇ. ಉತ್ಸಾಹದಲ್ಲಿ ಒಂದೇ ವಾರದಲ್ಲಿ ಎಲ್ಲ ಬದಲಿಸಿದೆ. ಬೆಳಿಗ್ಗೆ ಕಡಲೆ ಉಸ್ಲಿ, ಮಧ್ಯಾಹ್ನ ಬಾಳೆದಿಂಡಿನ ಪಲ್ಯ, ರಾತ್ರಿ ಹುರುಳಿ ಸಾರು. ನಾಲ್ಕನೇ ದಿನ ಹೊಟ್ಟೆ ಉಬ್ಬರಿಸಿ, ವಾಯು ತುಂಬಿ, ಕುರ್ಚಿಯಲ್ಲಿ ನೆಟ್ಟಗೆ ಕೂರಲಾಗಲಿಲ್ಲ. ಕಾಳುಗಳಲ್ಲಿರುವ ರಾಫಿನೋಸ್ ಜಾತಿಯ ಸಕ್ಕರೆಯನ್ನು ಒಡೆಯುವ ಕಿಣ್ವ ನಮ್ಮಲ್ಲಿಲ್ಲ, ಅದು ನೇರ ಬ್ಯಾಕ್ಟೀರಿಯಾಗಳ ಪಾಲು. ವರ್ಷಗಟ್ಟಲೆ ಉಪವಾಸ ಕೂತವರಿಗೆ ಒಮ್ಮೆಲೇ ಹಬ್ಬದೂಟ ಬಡಿಸಿದ ಹಾಗಾಯಿತು. ನಾರನ್ನು ಒಗ್ಗಿಸಿಕೊಳ್ಳುವ ತಳಿಗಳು ಅಲ್ಲಿ ಬೆಳೆದು ಬರಲು ಸಮಯ ಬೇಕು. ಎಲ್ಲ ನಿಲ್ಲಿಸಿ, ಮೂರು ದಿನ ತಿಳಿ ಸಾರು ಅನ್ನ ಉಂಡು, ಮತ್ತೆ ಮೊದಲಿನಿಂದ ಹೊರಟೆ.

ಎರಡನೇ ಸಲ ವಾರಕ್ಕೆ ಒಂದೇ ಬದಲಾವಣೆ. ಮೊದಲನೆಯದು ಬೆಳಗಿನ ಗಂಜಿ. ತವಡು ಪೂರ್ತಿ ತೆಗೆಯದ ಕೆಂಪು ಕುಚ್ಚಲಕ್ಕಿ, ಒಂದು ಸಣ್ಣ ಬಟ್ಟಲು, ಅಷ್ಟೇ. ಎರಡನೇ ವಾರ ಅದಕ್ಕೆ ಎರಡು ಚಮಚ ಬೇಯಿಸಿದ ಹುರುಳಿ. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮೆತ್ತಗೆ ಬೇಯಿಸಿದರೆ ವಾಯು ಎಷ್ಟೋ ಕಡಿಮೆ. ನಮ್ಮೂರಲ್ಲಿ ಕಂಬಳದ ಕೋಣಗಳಿಗೆ ಹುರುಳಿ ಬೇಯಿಸಿ ಹಾಕುತ್ತಾರೆ. ಮನುಷ್ಯರಿಗೆ ಮಾತ್ರ ಅದು ಉಷ್ಣ ಎಂದು ದೂರ ಇಡುವವರು ತುಂಬ ಮಂದಿ. ಮಜ್ಜಿಗೆಯ ಜೊತೆ ತಿಂದರೆ ನನಗಂತೂ ಏನೂ ಆಗಲಿಲ್ಲ. ಮೂರನೇ ವಾರ ಬಸಳೆ, ಹರಿವೆ, ಬಾಳೆಕಾಯಿ, ಪೂಂಬೆ (ಬಾಳೆಹೂವು), ಆದಿಉಡುಪಿ ಸಂತೆಯಲ್ಲಿ ಆ ವಾರ ಯಾವುದು ಒಳ್ಳೆಯದು ಸಿಕ್ಕಿತೋ ಅದು. ಬಾಳೆಕಾಯಿಯ ಪಿಷ್ಟದಲ್ಲಿ ಒಂದು ಪಾಲು ಜೀರ್ಣವಾಗದೆ ಕೊನೆಯ ಪಂಕ್ತಿಗೆ ಹೋಗುತ್ತದೆ.

ತಣಿದ ಅನ್ನದ್ದೂ ಇದೇ ಕಥೆ. ಬೆಂದ ಅನ್ನ ಚೆನ್ನಾಗಿ ತಣಿದಾಗ ಅದರ ಪಿಷ್ಟದ ಸ್ವಲ್ಪ ಭಾಗ ಗಟ್ಟಿಯಾಗಿ ಹೆಣೆದುಕೊಂಡು ಸಣ್ಣ ಕರುಳಿಗೆ ದಕ್ಕದಂತಾಗುತ್ತದೆ. ತಂಗಳನ್ನಕ್ಕೆ ಮೊಸರು ಹಾಕಿ ತಿನ್ನಲು ಶುರುಮಾಡಿದಾಗ ಅಮ್ಮ ಹೇಳಿದರು, "ನಿನ್ನ ಅಜ್ಜ ಇದನ್ನೇ ಉಂಡು ಗದ್ದೆಗೆ ಇಳಿದರೆ ಮಧ್ಯಾಹ್ನದವರೆಗೆ ಹಸಿವು ಅಂತ ಹೇಳಿದ್ದಿಲ್ಲ." ಹೌದು, ಆದರೆ ಅಜ್ಜ ಇಡೀ ದಿನ ಕೆಸರಿನಲ್ಲಿ ದುಡಿದವರು. ಅವರ ಬಟ್ಟಲಿನಷ್ಟು ಗಂಜಿ, ಅಷ್ಟು ಉಪ್ಪಿನಕಾಯಿ ಕುರ್ಚಿಯಲ್ಲಿ ಕೂರುವ ನನಗೆ ಸಲ್ಲುವುದಿಲ್ಲ. ಹಳೆಯದೆಂಬ ಒಂದೇ ಕಾರಣಕ್ಕೆ ಯಾವುದನ್ನೂ ನಾನು ಒಪ್ಪುವುದಿಲ್ಲ. ಇನ್ನೊಂದು ಮಾತು. ಕರಾವಳಿಯ ಸೆಕೆಯಲ್ಲಿ ಅನ್ನವನ್ನು ರಾತ್ರಿಯಿಡೀ ಹೊರಗಿಟ್ಟರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ವಾಂತಿ ಬರಿಸಬಹುದು, ಆಮೇಲೆ ಬಿಸಿ ಮಾಡಿದರೂ ಅದರ ವಿಷ ಹೋಗುವುದಿಲ್ಲ. ಹಾಗಾಗಿ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ, ಬೇಗ ತಣಿಸಿ, ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಇಡುತ್ತೇನೆ. ಅಮ್ಮನಿಗೆ ಇದು ಇವತ್ತಿಗೂ ಹಿಡಿಸಿಲ್ಲ.

ಆರನೇ ವಾರದ ಒಂದು ಗುರುವಾರ ಪುಸ್ತಕದಲ್ಲಿ ಅಂಕ ಬರೆಯಲು ಮರೆತೇ ಹೋಗಿತ್ತು. ಮಧ್ಯಾಹ್ನ ಒಂದೂವರೆಗೆ ನೆನಪಾಯಿತು, ಇವತ್ತು ಹನ್ನೊಂದು ಗಂಟೆ ಬಂದು ಹೋದದ್ದೇ ಗೊತ್ತಾಗಲಿಲ್ಲ. ಹಿಂದಿನ ಪುಟ ತಿರುವಿದರೆ 8, 8, 7, 6, 6, 4. ಕಣ್ಣು ತುಂಬಿ ಬಂತು. ಅಷ್ಟು ವರ್ಷ ನನ್ನದೇ ದೌರ್ಬಲ್ಯ ಎಂದುಕೊಂಡದ್ದರಲ್ಲಿ ಎಷ್ಟೋ ಪಾಲು ಮನಸ್ಸಿನದ್ದಲ್ಲ ಎಂದು ಆ ಅಂಕಿಗಳು ಹೇಳುತ್ತಿದ್ದವು. ನಾಲ್ಕು ತಿಂಗಳಾದ ಮೇಲೆ ಎಚ್‌ಬಿಎ1ಸಿ 5.6, ತೂಕ 71ರಿಂದ 67 ಕಿಲೋ.

ಇದೆಲ್ಲ ಬ್ಯಾಕ್ಟೀರಿಯಾಗಳ ಕೆಲಸ ಎಂದು ನಾನು ಎಲ್ಲೂ ಹೇಳುವುದಿಲ್ಲ. ನಾರು ತಾನಾಗಿಯೂ ಊಟವನ್ನು ನಿಧಾನವಾಗಿ ಜೀರ್ಣವಾಗಿಸುತ್ತದೆ. ಅದೇ ಹೊತ್ತಿಗೆ ಮಣಿಪಾಲದ ಉದ್ಯಾನ ಎಂಡ್ ಪಾಯಿಂಟ್‌ನಲ್ಲಿ ದಿನಾ ಮುಕ್ಕಾಲು ಗಂಟೆ ನಡೆದೆ, ರಾತ್ರಿ ಹತ್ತೂವರೆಗೆ ಮಲಗಿದೆ. ನಿದ್ದೆ ಕೆಟ್ಟರೆ ಗ್ರೆಲಿನ್ ಏರುತ್ತದೆ, ಲೆಪ್ಟಿನ್ ಇಳಿಯುತ್ತದೆ. ಬ್ಯಾಕ್ಟೀರಿಯಾದ ಕಡೆಯ ಬಲವಾದ ಸಾಕ್ಷಿಗಳಲ್ಲಿ ಹೆಚ್ಚಿನವು ಇಲಿಗಳದ್ದು. ಅವುಗಳಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಜೆಫ್ರಿ ಗಾರ್ಡನ್ ಅವರ ತಂಡ 2013ರಲ್ಲಿ ಪ್ರಕಟಿಸಿದ ಪ್ರಯೋಗ. ಅವಳಿಗಳಲ್ಲಿ ಒಬ್ಬರು ದಪ್ಪ, ಒಬ್ಬರು ತೆಳ್ಳಗೆ. ಇಬ್ಬರ ಕರುಳಿನ ಬ್ಯಾಕ್ಟೀರಿಯಾಗಳನ್ನು ಕ್ರಿಮಿರಹಿತವಾಗಿ ಬೆಳೆಸಿದ ಇಲಿಗಳಿಗೆ ಹಾಕಿದರು. ದಪ್ಪಗಿದ್ದವರದ್ದು ಪಡೆದ ಇಲಿಗಳಲ್ಲಿ ಕೊಬ್ಬು ಹೆಚ್ಚಾಯಿತು. ಎರಡೂ ಬಗೆಯ ಇಲಿಗಳನ್ನು ಒಂದೇ ಗೂಡಿನಲ್ಲಿಟ್ಟಾಗ ತೆಳ್ಳಗಿನವರ ಬ್ಯಾಕ್ಟೀರಿಯಾ ಹಬ್ಬಿ ಕೊಬ್ಬು ಬೆಳೆಯುವುದು ತಪ್ಪಿತು. ಆದರೆ ಹಣ್ಣು ತರಕಾರಿ ಕಡಿಮೆಯಿದ್ದು ಜಿಡ್ಡು ಹೆಚ್ಚಿದ್ದ ಆಹಾರ ಕೊಟ್ಟಾಗ ಆ ಬ್ಯಾಕ್ಟೀರಿಯಾ ನೆಲೆಯೂರಲೇ ಇಲ್ಲ. ಬ್ಯಾಕ್ಟೀರಿಯಾ ತುಂಬಿದ ದುಬಾರಿ ಪ್ರೊಬಯಾಟಿಕ್ ಮಾತ್ರೆ ಹಿಡಿದು ಬರುವವರಿಗೆ ನಾನು ಹೇಳುವುದೂ ಇದನ್ನೇ. ಒಕ್ಕಲು ತಂದು ಕೂರಿಸಿದರೆ ಸಾಲದು, ಅವರಿಗೆ ಗದ್ದೆಯೂ ಬೇಕು.

ಮೊನ್ನೆ ಮಲ್ಪೆಯಿಂದ ಬೋಟಿನಲ್ಲಿ ದುಡಿಯುವ ಒಬ್ಬರು ಬಂದಿದ್ದರು. "ಮೇಡಂ, ವಾರಕ್ಕೊಂದು ಇಂಜೆಕ್ಷನ್ ಉಂಟಂತಲ್ಲ, ಹಾಕಿದ್ರೆ ಹಸಿವೇ ಆಗುದಿಲ್ಲಂತೆ?" ಉಂಟು, ಅದೂ ಜಿಎಲ್‌ಪಿ-1ರ ದಾರಿಯಲ್ಲೇ ಕೆಲಸ ಮಾಡುವುದು ಎಂದೆ. ನಮ್ಮ ದೇಹ ಬಿಡುವ ಜಿಎಲ್‌ಪಿ-1 ರಕ್ತದಲ್ಲಿ ಎರಡು ನಿಮಿಷದಲ್ಲಿ ಅರ್ಧವಾಗುತ್ತದೆ, ಅಂಥ ಇಂಜೆಕ್ಷನ್ನಿನಲ್ಲಿರುವ ಸೆಮಾಗ್ಲುಟೈಡ್ ಎಂಬ ಔಷಧಿ ಅರ್ಧವಾಗಲು ಸುಮಾರು ಒಂದು ವಾರ ಬೇಕು. ಗಂಜಿ, ಹುರುಳಿ ಅದರ ಸಮಕ್ಕೆ ನಿಲ್ಲುತ್ತವೆ ಎಂದು ಹೇಳಿದರೆ ಅದು ಮೋಸ. ಯಾರಿಗೆ ಆ ಔಷಧಿ ಬೇಕೋ ಅವರಿಗೆ ಡಾಕ್ಟರು ಬರೆಯಲಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು, ಕಿಡ್ನಿಯ ತೊಂದರೆ ಇರುವವರು ಊಟ ಬದಲಿಸುವ ಮೊದಲೇ ಅವರ ಡಾಕ್ಟರಿಗೆ ಹೇಳಬೇಕು.

ಅವರಿಗೆ ಮೊದಲ ವಾರಕ್ಕೆ ನಾನು ಬರೆದುಕೊಟ್ಟದ್ದು ಇಷ್ಟು: ಬೆಳಿಗ್ಗೆ ಬೋಟಿಗೆ ಹೋಗುವ ಮೊದಲು ಒಂದು ಬಟ್ಟಲು ಕುಚ್ಚಲಕ್ಕಿ ಗಂಜಿ, ಜೊತೆಗೆ ತಿಮರೆ (ಒಂದೆಲಗ) ಚಟ್ನಿ. ಮಧ್ಯಾಹ್ನ ಬಂಗುಡೆ, ಪಲ್ಯ ಮೊದಲು, ಅನ್ನ ಆಮೇಲೆ. ಹುರುಳಿ ಈ ವಾರ ಬೇಡ. ಎಂಟು ದಿನ ಬಿಟ್ಟು ಬಂದು ಹೊಟ್ಟೆ ಹೇಗಿದೆ ಎಂದು ಹೇಳಿ.