ಹುಬ್ಬಳ್ಳಿಯಿಂದ ಉದಯಪುರಕ್ಕೆ ಕಾರಿನಲ್ಲಿ ಒಬ್ಬರೇ ಹೋಗುವುದು ಹೇಗೆ

ದೂರದ ದಾರಿಗೆ ಒಬ್ಬರೇ ಹೊರಟವರು ಮೊದಲು ಕೇಳುವುದು, ನಮ್ಮ ಗಾಡಿ ತಡೆಯುತ್ತದಾ ಅಂತ. ತಡೆಯುತ್ತದೆ. ಸರಿಯಾಗಿ ಸರ್ವಿಸ್ ಆಗಿರುವ ಸಣ್ಣ ಕಾರು ಕೂಡ ಆರಾಮಾಗಿ ಉದಯಪುರ ಮುಟ್ಟುತ್ತದೆ. ಸೋಲುವುದು ಗಾಡಿಯಲ್ಲ, ಓಡಿಸುವವರು. ಪಕ್ಕದಲ್ಲಿ ಯಾರಾದರೂ ಕೂತಿದ್ದರೆ "ಸಾಕು, ಬದಿಗೆ ಹಾಕು, ಚಹಾ ಕುಡಿಯೋಣ" ಅನ್ನುತ್ತಾರೆ. ಒಬ್ಬರೇ ಇದ್ದಾಗ ಹಾಗೆ ಹೇಳುವವರಿಲ್ಲ. ಇನ್ನೊಂದು ಐವತ್ತು ಕಿಲೋಮೀಟರ್ ಹೊಡೆದುಬಿಡೋಣ ಅನ್ನುವ ಹುಕಿ ಬೇರೆ ಬರುತ್ತದೆ. ಅದಕ್ಕೇ ಎಲ್ಲಿ ನಿಲ್ಲಬೇಕು ಅನ್ನುವುದನ್ನು ಮನೆಯಲ್ಲೇ ಕೂತು ಗಟ್ಟಿ ಮಾಡಿಕೊಳ್ಳಿ. ಮುಂಚೆ ನಿಲ್ಲಿಸಿದರೆ ಪರವಾಗಿಲ್ಲ, ಅದರಾಚೆ ಮಾತ್ರ ಹೋಗಬೇಡಿ.

ಉತ್ತರಕ್ಕೆ ಹೋಗಲು ನಮ್ಮ ಹುಬ್ಬಳ್ಳಿಯಿಂದಲೇ ಎರಡು ದೊಡ್ಡ ದಾರಿಗಳಿವೆ. ಒಂದು ರಾಷ್ಟ್ರೀಯ ಹೆದ್ದಾರಿ 48, ಹಿರಿಯರು ಈಗಲೂ ಎನ್‌ಎಚ್ 4 ಅನ್ನುತ್ತಾರಲ್ಲ, ಅದೇ. ಬೆಳಗಾವಿ, ಕೊಲ್ಹಾಪುರ, ಪುಣೆ, ಮುಂಬೈ ಹೊರವಲಯ, ಸೂರತ್, ಅಹಮದಾಬಾದ್, ಉದಯಪುರ, ಜೈಪುರ ದಾಟಿ ದಿಲ್ಲಿಗೆ ಹೋಗುತ್ತದೆ. ಇನ್ನೊಂದು ಹೆದ್ದಾರಿ 52. ಅಂಕೋಲಾದಿಂದ ಬಂದು ಹುಬ್ಬಳ್ಳಿ, ವಿಜಯಪುರ, ಸೊಲ್ಲಾಪುರ, ಧುಳೆ, ಇಂದೋರ್, ಕೋಟಾ ಮೇಲೆ ಜೈಪುರಕ್ಕೆ ಹೋಗುತ್ತದೆ. ಇದರಲ್ಲಿ ಮುಂಬೈ ಗದ್ದಲ ತಪ್ಪುತ್ತದೆ, ನಿಜ. ಆದರೆ ನವಲಗುಂದ, ನರಗುಂದದ ಕಡೆ ಎದುರಿನಿಂದ ಗಾಡಿ ಬರುವ ರಸ್ತೆ. ಸುಗ್ಗಿಯಲ್ಲಿ ಒಕ್ಕಲು ಮಾಡಲು ಬೆಳೆಯನ್ನು ರಸ್ತೆ ಮೇಲೇ ಹರವಿರುತ್ತಾರೆ. ಕಬ್ಬಿನ ಸೀಜನ್‌ನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಹಿಂದೆ ಒಂದು ಕೆಂಪು ದೀಪವೂ ಇರುವುದಿಲ್ಲ, ಕತ್ತಲಲ್ಲಿ ಹತ್ತಿರ ಹೋಗುವ ತನಕ ಕಾಣುವುದೇ ಇಲ್ಲ. ಮೊದಲ ಸಲ ಒಬ್ಬರೇ ಹೋಗುವವರಿಗೆ ನಾನು 48ನ್ನೇ ಹೇಳುತ್ತೇನೆ. ಗದ್ದಲ ಜಾಸ್ತಿ, ಆದರೆ ಪಂಕ್ಚರ್ ಅಂಗಡಿ, ಪೆಟ್ರೋಲ್ ಬಂಕ್, ಲಾಡ್ಜ್ ಎಲ್ಲೆಂದರಲ್ಲಿ ಸಿಗುತ್ತವೆ.

ಉದಯಪುರಕ್ಕೆ ಈ ದಾರಿಯಲ್ಲಿ 1,300 ಕಿ.ಮೀ. ದಾಟುತ್ತದೆ. ಮೂರು ದಿನ ಇಟ್ಟುಕೊಳ್ಳಿ. ಎರಡು ದಿನಕ್ಕೇ ಮುಗಿಸಿದೆ ಎಂದು ಜಂಬ ಕೊಚ್ಚುವವರು ಸಿಗುತ್ತಾರೆ, ಅವರ ಮಾತು ಕೇಳಿ ಸುಮ್ನೆ ತಲೆ ಆಡಿಸಿ. ಮೊದಲ ದಿನ ಬೆಳಗ್ಗೆ ಐದಕ್ಕೆ ಹೊರಟು ಪುಣೆ ದಾಟಿ ಲೋಣಾವಳಾ ಅಥವಾ ಪನವೇಲ್ ಹತ್ತಿರ ಮಲಗಿ. ಮರುದಿನ ಕತ್ತಲಿದ್ದಾಗಲೇ ಎದ್ದು ಠಾಣೆ, ಘೋಡ್‌ಬಂದರ್ ರಸ್ತೆ ದಾಟಿಬಿಡಬೇಕು. ಆಫೀಸಿನ ಹೊತ್ತಿಗೆ ಅಲ್ಲಿ ಸಿಕ್ಕಿಕೊಂಡರೆ ಅರ್ಧ ದಿನ ಹೋಯಿತು ಅನ್ನಿ. ಎರಡನೇ ರಾತ್ರಿ ವಡೋದರಾ. ಮೂರನೇ ದಿನ ಅಹಮದಾಬಾದ್, ಗುಜರಾತ್-ರಾಜಸ್ಥಾನ ಗಡಿ ಹತ್ತಿರದ ಶಾಮಳಾಜಿ ಮೇಲೆ ಉದಯಪುರ, ಇದು ಹಗುರ ದಿನ. ವಾರದ ನಡುವೆ ಹೊರಡಿ. ಭಾನುವಾರ ಸಂಜೆ ಲೋಣಾವಳಾದಿಂದ ಇಡೀ ಮುಂಬೈ ಮನೆಗೆ ಇಳಿಯುತ್ತಿರುತ್ತದೆ.

ಈ ದಾರಿಯಲ್ಲಿ ನನಗೆ ಜಾಸ್ತಿ ಭಯ ಇರುವ ಜಾಗ ಯಾವುದೋ ದೊಡ್ಡ ಘಾಟಲ್ಲ. ನಿಪ್ಪಾಣಿ ಹತ್ತಿರದ ತವಂದಿ ಘಾಟ್, ಸಾತಾರಾ ಆಚೆಯ ಖಂಬಾಟ್ಕಿ ಇವುಗಳಲ್ಲಿ ಎಲ್ಲರೂ ಹುಷಾರಾಗಿಯೇ ಇರುತ್ತಾರೆ. ಪುಣೆ ಬಂತು ಎಂದು ಮೈ ಸಡಿಲ ಬಿಡುವ ಹೊತ್ತಿಗೆ ಹೊಸ ಕಾತ್ರಜ್ ಸುರಂಗ ಬರುತ್ತದೆ, ಅಲ್ಲಿಂದ ನವಲೆ ಬ್ರಿಜ್ ತನಕ ಉದ್ದಕ್ಕೂ ಇಳಿಜಾರು. ನೋಡಲು ಸಾದಾ ಅಗಲ ರಸ್ತೆ. ಡೀಸೆಲ್ ಉಳಿಸಲು ಕೆಲವು ಲಾರಿಯವರು ಇಲ್ಲಿ ನ್ಯೂಟ್ರಲ್ ಹಾಕಿ ಬಿಡುತ್ತಾರೆ, ಬ್ರೇಕ್ ಕಾದು ಹಿಡಿಯುವುದೇ ಇಲ್ಲ, ಕೆಳಗೆ ಟ್ರಾಫಿಕ್ ನಿಂತಿರುತ್ತದೆ. ಇಲ್ಲಿ ಅಪಘಾತ ಮತ್ತೆ ಮತ್ತೆ ಆಗಿದೆ. ನೀವು ಮೂರನೇ ಗೇರಿನಲ್ಲಿ ಇಳಿಯಿರಿ. ಬರೀ ಎದುರಿಗಲ್ಲ, ಕನ್ನಡಿಯನ್ನೂ ನೋಡುತ್ತಿರಿ. ತುಂಬಿದ ಲಾರಿ ಹಿಂದೆ ಬಂದರೆ ಅದರ ಮುಂದೆ ಇರಬೇಡಿ, ದಾರಿ ಬಿಟ್ಟುಕೊಡಿ. ಅಂದ ಹಾಗೆ, ಲಾರಿಯವರ ಬಲಗಡೆ ಇಂಡಿಕೇಟರ್ "ಮುಂದೆ ಹೋಗು" ಎಂದೂ ಇರಬಹುದು, "ನಾನೇ ಬಲಕ್ಕೆ ಬರುತ್ತಿದ್ದೇನೆ" ಎಂದೂ ಇರಬಹುದು. ರಸ್ತೆ ಕಂಡರೆ ಮಾತ್ರ ಮುಂದೆ ಹೋಗಿ.

ಇನ್ನು ನಿದ್ದೆ. ಮಧ್ಯಾಹ್ನ ಊಟ ಆದ ಮೇಲೆ ಎರಡರಿಂದ ನಾಲ್ಕು, ಆಮೇಲೆ ಬೆಳಗಿನ ಜಾವ, ಇವೆರಡು ಹೊತ್ತು ಎಂಥವರಿಗೂ ಕಣ್ಣು ಎಳೆಯುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ, ಮೂರು ಸೆಕೆಂಡ್ ಕಣ್ಣು ಮುಚ್ಚಿದರೆ ಎಷ್ಟಾಯಿತು ನೋಡಿ. ಕಿಟಕಿ ಇಳಿಸುವುದು, ಜೋರಾಗಿ ಹಾಡು ಹಾಕುವುದು, ಇವೆಲ್ಲ ಹತ್ತು ನಿಮಿಷದ ಆಟ. ಒಂದು ಸ್ಟ್ರಾಂಗ್ ಕಾಫಿ ಕುಡಿದು, ಜನ ಓಡಾಡುವ ಬಂಕ್‌ನಲ್ಲಿ ಗಾಡಿ ನಿಲ್ಲಿಸಿ, ಬಾಗಿಲು ಲಾಕ್ ಮಾಡಿ, ಕಿಟಕಿ ಸ್ವಲ್ಪ ಇಳಿಸಿ, ಇಂಜಿನ್ ಬಂದ್ ಮಾಡಿ ಇಪ್ಪತ್ತು ನಿಮಿಷ ಮಲಗಿ. ಏಳುವ ಹೊತ್ತಿಗೆ ಕಾಫಿಯೂ ಕೆಲಸ ಶುರು ಮಾಡಿರುತ್ತದೆ. ನೆಗಡಿ ಮಾತ್ರೆ ನುಂಗಿ ಓಡಿಸಬೇಡಿ, ಸೆಟಿರಿಜಿನ್ ಕೂಡ ಕೆಲವರಿಗೆ ತೂಕಡಿಕೆ ತರುತ್ತದೆ. ಊಟ ಹಗುರ ಇರಲಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಬಾಳೆಹಣ್ಣು ಜೊತೆಗಿದ್ದರೆ ಮಧ್ಯಾಹ್ನ ಢಾಬಾದ ಎಣ್ಣೆ ಊಟದ ಹಂಗೇ ಬೇಡ. ಸಾವಜಿ ಊಟ ಊರಿಗೆ ಬಂದ ಮೇಲೆ.

ಗಾಡಿಗೆ ಮಾಡಬೇಕಾದ್ದು ಸ್ವಲ್ಪವೇ. ಟೈರ್ ತಣ್ಣಗಿದ್ದಾಗ ಹವಾ ನೋಡಿಸಿ, ಸ್ಟೆಪ್ನಿಗೂ ಸೇರಿ. ಒಂದು ಸಲ ಮನೆ ಮುಂದೆಯೇ ಸ್ಟೆಪ್ನಿ ಬದಲಿಸಿ ನೋಡಿ, ನಟ್ ಬಿಚ್ಚಲು ಬರುತ್ತದಾ ಅನ್ನುವುದು ಅಲ್ಲೇ ಗೊತ್ತಾಗಲಿ. ಟಾರ್ಚ್, ಕುಡಿಯುವ ನೀರು, ಫೋನ್ ಚಾರ್ಜರ್ ಎರಡು. ಆರ್‌ಸಿ, ಲೈಸೆನ್ಸ್, ಇನ್ಶೂರೆನ್ಸ್, ಹೊಗೆ ತಪಾಸಣೆ ಸರ್ಟಿಫಿಕೇಟ್ ಡಿಜಿಲಾಕರ್‌ನಲ್ಲಿದ್ದರೆ ನಡೆಯುತ್ತದೆ.

ಟೋಲ್ ವಿಷಯ. ಆಗಸ್ಟ್ 15, 2025ರಿಂದ ಖಾಸಗಿ ಕಾರುಗಳಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಶುರುವಾಗಿದೆ (ಶುರುವಾದಾಗ 3,000 ರೂಪಾಯಿ ಇತ್ತು), ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲೋ ಅದು. ಇಂಥ ಒಂದು ಪ್ರವಾಸ ಹೋಗಿ ಬರುವುದರಲ್ಲೇ ಅದು ಉಪಯೋಗಕ್ಕೆ ಬರುತ್ತದೆ. ಆದರೆ ಪುಣೆ-ಮುಂಬೈ ಎಕ್ಸ್‌ಪ್ರೆಸ್‌ವೇ ರಾಜ್ಯದ್ದು, ಅಲ್ಲಿ ಪಾಸ್ ನಡೆಯುವುದಿಲ್ಲ, ಟ್ಯಾಗ್‌ನಲ್ಲಿ ದುಡ್ಡು ಇರಲೇಬೇಕು. ಅಲ್ಲಿ ಸ್ಪೀಡ್ ಕ್ಯಾಮೆರಾಗಳೂ ಜಾಸ್ತಿ. ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 1033, ಪೊಲೀಸ್ ಅಥವಾ ಆಂಬ್ಯುಲೆನ್ಸ್ ಬೇಕಾದರೆ 112. ಗುಜರಾತ್‌ನಲ್ಲಿ ಪಾನನಿಷೇಧ ಇದೆ, ಗೋವಾದಿಂದ ತಂದ ಬಾಟಲಿ ಡಿಕ್ಕಿಯಲ್ಲಿ ಉಳಿದಿದ್ದರೆ ಮನೆಯಲ್ಲೇ ತೆಗೆದಿಡಿ. ಅಲ್ಲಿ ಪೆಟ್ರೋಲ್ ಮಾತ್ರ ಮಹಾರಾಷ್ಟ್ರ, ರಾಜಸ್ಥಾನಕ್ಕಿಂತ ಅಗ್ಗ. ಶಾಮಳಾಜಿ ದಾಟುವ ಮುಂಚೆ ಟ್ಯಾಂಕ್ ಫುಲ್ ಮಾಡಿಸಿ.

ಮನೆಯವರಲ್ಲಿ ಒಬ್ಬರಿಗೆ ಲೈವ್ ಲೊಕೇಶನ್ ಕೊಟ್ಟಿರಿ. "ಊಟ ಆಯ್ತಾ" ಎಂದು ಗಂಟೆಗೊಮ್ಮೆ ಫೋನ್ ಬರುವುದು ತಪ್ಪುತ್ತದೆ, ನಿಂತಾಗ ನಾನೇ ಮಾಡುತ್ತೇನೆ ಎಂದು ಮೊದಲೇ ಹೇಳಿಬಿಡಿ. ಲಾಡ್ಜ್ ಬುಕ್ ಮಾಡುವಾಗ ಫೋನ್ ಹಚ್ಚಿ ಪಾರ್ಕಿಂಗ್ ಕಾಂಪೌಂಡ್ ಒಳಗಿದೆಯಾ ಕೇಳಿ, ಫೋಟೋ ನಂಬಬೇಡಿ.

ಮರಳಿ ಬರುವಾಗ ಕೊಲ್ಹಾಪುರಕ್ಕೆ ಸಂಜೆಯಾದರೆ ಅಲ್ಲೇ ಉಳಿದುಬಿಡಿ. ಇನ್ನೇನು ಇನ್ನೂರು ಕಿಲೋಮೀಟರ್, ಮನೆಯಲ್ಲೇ ಮಲಗೋಣ ಎಂದು ಬಹಳ ಜನ ರಾತ್ರಿ ಹೊರಡುತ್ತಾರೆ. ಅಷ್ಟು ದಿನದ ಸುಸ್ತು ಮೈಯಲ್ಲಿರುತ್ತದೆ, ಆ ಭಾಗದಲ್ಲೂ ಕಬ್ಬಿನ ಟ್ರ್ಯಾಕ್ಟರ್ ಕಾಟ ಇದೆ, ಎಲ್ಲಾದರೂ ಕಾಮಗಾರಿ ನಡೆದಿದ್ದರೆ ಡೈವರ್ಷನ್ ಬೋರ್ಡ್ ಕತ್ತಲಲ್ಲಿ ಸರಿಯಾಗಿ ಕಾಣುವುದಿಲ್ಲ. ಬೆಳಗ್ಗೆ ಆರಕ್ಕೆ ಬಿಟ್ಟರೆ ಊಟದ ಹೊತ್ತಿಗೆ ಮುಂಚೆಯೇ ಹುಬ್ಬಳ್ಳಿಯಲ್ಲಿರುತ್ತೀರಿ.