ಆಸಿಡ್ ಕ್ಯಾನ್ ತೆರೆಯುವ ಮುಂಚೆ: ಹಳ್ಳಿ ಆರ್‌ಒ ಘಟಕದ ಮೆಂಬ್ರೇನ್ ತೊಳೆಯುವ ಬಗೆ

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನೀರು ಕಮ್ಮಿಯಾಯಿತೆಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಮೆಂಬ್ರೇನ್ ಚೋಕ್ ಆಗಿದೆ, ಆಸಿಡ್ ವಾಶ್ ಮಾಡಿಸಿ.’ ಮೆಂಬ್ರೇನ್ ಎಂದರೆ ಆರ್‌ಒ (ರಿವರ್ಸ್ ಆಸ್ಮಾಸಿಸ್) ಘಟಕದಲ್ಲಿ ನೀರಿನಿಂದ ಲವಣ ಬೇರ್ಪಡಿಸುವ ತೆಳು ಹಾಳೆಯ ಸುರುಳಿ. ನಾನು ತೊಳೆಯುವಾಗ ಆಸಿಡ್ ಸಾಮಾನ್ಯವಾಗಿ ಎರಡನೇ ಸರದಿಗೆ ಬರುತ್ತದೆ. ಕೆಲವು ಸಲ ಬರುವುದೇ ಇಲ್ಲ. ಯಾಕೆಂದು ಮುಂದೆ ಹೇಳುತ್ತೇನೆ. ಲೆಕ್ಕಕ್ಕೆ ಹಿಡಿದಿರುವುದು ಗಂಟೆಗೆ 1000 ಲೀಟರ್ ಕೊಡುವ ಘಟಕ: 4040 ಅಳತೆಯ, ಅಂದರೆ 4 ಇಂಚು ದಪ್ಪ, 40 ಇಂಚು ಉದ್ದದ ನಾಲ್ಕು ಪಾಲಿಅಮೈಡ್ ಮೆಂಬ್ರೇನ್‌ಗಳು, ಒಂದರ ರಿಜೆಕ್ಟ್ (ಲವಣ ಉಳಿದು ಹೊರಬರುವ ನೀರು) ಇನ್ನೊಂದಕ್ಕೆ ಹೋಗುವ ಹಾಗೆ ಸಾಲಾಗಿ ಜೋಡಿಸಿದ್ದು.

ಮೊದಲು, ಇದು ನಿಜವಾಗಿ ಚೋಕ್ ಹೌದೋ ಅಲ್ಲವೋ ಎಂಬುದು ತೀರ್ಮಾನವಾಗಬೇಕು. ನೀರು ತಣ್ಣಗಾದರೆ ಮೆಂಬ್ರೇನ್ ಕಮ್ಮಿ ನೀರು ಕೊಡುತ್ತದೆ. ಒಂದು ಡಿಗ್ರಿಗೆ ಸುಮಾರು 3% ಲೆಕ್ಕ. 25 ಡಿಗ್ರಿಯಲ್ಲಿ 1000 ಲೀಟರ್ ಕೊಡುತ್ತಿದ್ದ ಘಟಕ 20 ಡಿಗ್ರಿಯಲ್ಲಿ 850ರ ಹತ್ತಿರ ಕೊಟ್ಟರೆ ಅದು ಚಳಿಗಾಲ, ಕೊಳೆ ಅಲ್ಲ. ಹಾಗಾಗಿ ಹೊಸ ಮೆಂಬ್ರೇನ್ ಹಾಕಿ ಎರಡು ದಿನ ಓಡಿದ ಮೇಲಿನ ಅಂಕಿಗಳನ್ನು ಘಟಕದ ಗೋಡೆಯ ಮೇಲೇ ಬರೆದಿಡುತ್ತೇನೆ: ಕಾರ್ಟ್ರಿಡ್ಜ್ ಫಿಲ್ಟರಿನ ಹಿಂದೆ ಮುಂದೆ ಪ್ರೆಶರ್, ಮೆಂಬ್ರೇನಿಗೆ ಹೋಗುವ ಮತ್ತು ರಿಜೆಕ್ಟಿನಲ್ಲಿ ಬರುವ ಪ್ರೆಶರ್, ಎರಡೂ ಕಡೆಯ ಹರಿವು, ಬೋರ್, ಶುದ್ಧ, ರಿಜೆಕ್ಟ್ ಮೂರೂ ನೀರಿನ ಟಿಡಿಎಸ್ (ನೀರಲ್ಲಿ ಕರಗಿದ ಲವಣದ ಪ್ರಮಾಣ), ನೀರಿನ ಉಷ್ಣತೆ. ಪುಸ್ತಕದಲ್ಲಿ ಬರೆದಿಟ್ಟರೆ ಪುಸ್ತಕ ಕಳೆಯುತ್ತದೆ. ಉಷ್ಣತೆಯ ಲೆಕ್ಕ ಕಳೆದ ಮೇಲೂ ಶುದ್ಧ ನೀರು 10% ಇಳಿದಿದ್ದರೆ, ಇಲ್ಲವೇ ಒಳಹೋಗುವ ಮತ್ತು ರಿಜೆಕ್ಟ್ ಪ್ರೆಶರಿನ ಅಂತರ 15% ಏರಿದ್ದರೆ ತೊಳೆಯುವ ಹೊತ್ತಾಯಿತು. ನೀರು ಅರ್ಧಕ್ಕೆ ಇಳಿಯುವ ತನಕ ಕಾಯುವುದೇ ರೂಢಿ. ಆಗ ಕೊಳೆಯ ಪೊರೆ ಬಲಿತು, ತೊಳೆಯುವ ಮದ್ದು ಒಳಗೆ ಹರಿಯಲು ದಾರಿಯೇ ಇರುವುದಿಲ್ಲ.

ನೀರು ಹೆಚ್ಚು ಬರುತ್ತಿದೆ, ಟಿಡಿಎಸ್ಸೂ ಏರಿದೆ ಎಂದರೆ ಮೆಂಬ್ರೇನ್ ಕ್ಲೋರಿನ್‌ಗೆ ಸುಟ್ಟಿರುವ ಸಾಧ್ಯತೆ ಹೆಚ್ಚು. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿ, ಕ್ಲೋರಿನ್ ಹಿಡಿಯುವ ಕಾರ್ಬನ್ ಫಿಲ್ಟರ್ ಹಳೆಯದಾಗಿದ್ದರೆ ಹೀಗಾಗುತ್ತದೆ. ಅದನ್ನು ತೊಳೆದರೆ ಇನ್ನೂ ಕೆಡುತ್ತದೆ, ಬದಲಾಯಿಸುವುದೊಂದೇ ದಾರಿ. ನೀರಿನ ಪ್ರಮಾಣ ಅಷ್ಟೇ ಇದ್ದು ಒಂದೇ ಹೌಸಿಂಗಿನ (ಮೆಂಬ್ರೇನ್ ಕೂರುವ ಕೊಳವೆಯ) ಟಿಡಿಎಸ್ ಮಾತ್ರ ಏರಿದ್ದರೆ ಓ-ರಿಂಗ್ ನೋಡಿ. ಒಂದು ರಬ್ಬರ್ ರಿಂಗಿಗಾಗಿ ನಾಲ್ಕು ಮೆಂಬ್ರೇನ್ ಬದಲಾಯಿಸುವವರೂ ಇದ್ದಾರೆ.

ಯಾವ ಕೊಳೆ ಎಂದು ತಿಳಿಯಲು ಲ್ಯಾಬ್ ಬೇಕಿಲ್ಲ, ಮೊದಲನೇ ಮತ್ತು ಕೊನೇ ಮೆಂಬ್ರೇನ್ ಹೊರತೆಗೆದರೆ ಸಾಕು. ಕಬ್ಬಿಣ, ಮಣ್ಣು, ಲೋಳೆ ಮೊದಲನೆಯದರ ಬಾಯಲ್ಲಿ ಸಿಕ್ಕಿಕೊಳ್ಳುತ್ತವೆ. ಸುಣ್ಣ, ಸಲ್ಫೇಟ್, ಸಿಲಿಕಾ ನೀರು ಗಟ್ಟಿಯಾಗುತ್ತಾ ಹೋದಂತೆ ಕೊನೆಯದರಲ್ಲಿ ಕೂರುತ್ತವೆ. ಎರಡನ್ನೂ ನೆಟ್ಟಗೆ ನಿಲ್ಲಿಸಿ ಅರ್ಧ ಗಂಟೆ ನೀರು ಬಸಿದು ತೂಗಿ. ಕೊನೆಯದು ಎದ್ದು ಕಾಣುವಷ್ಟು ಭಾರವಿದ್ದರೆ ಒಳಗೆ ಕಲ್ಲು ಕಟ್ಟಿದೆ. ತುದಿಯಿಂದ ಚೂರು ಕೆರೆದು ಅದರ ಮೇಲೆ ಒಂದು ಹನಿ ಹೈಡ್ರೋಕ್ಲೋರಿಕ್ ಆಸಿಡ್ ಬಿಡಿ. ನೊರೆಯುಕ್ಕಿದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣ. ನೊರೆಯಿಲ್ಲದೆ ಹಳದಿಯಾಗಿ ಕರಗಿದರೆ ಕಬ್ಬಿಣ. ನೊರೆಯೂ ಇಲ್ಲ, ಕರಗಲೂ ಇಲ್ಲ, ಉಗುರಿಗೆ ಮರಳಿನಂತೆ ಸಿಕ್ಕುತ್ತದೆ ಎಂದರೆ ಸಲ್ಫೇಟ್ ಇಲ್ಲವೇ ಸಿಲಿಕಾ. ಬೆರಳಿಗೆ ಜಾರುವ ಲೋಳೆಯನ್ನು ಒಣಗಿಸಿ ಬೆಂಕಿಗೆ ಹಿಡಿದಾಗ ಕೂದಲು ಸುಟ್ಟ ವಾಸನೆ ಬಂದರೆ ಅದು ಸೂಕ್ಷ್ಮಜೀವಿಗಳ ಪೊರೆ. ಕಾರ್ಟ್ರಿಡ್ಜನ್ನೂ ನೋಡಿ: ಕಂದು ಬಣ್ಣ ಕಬ್ಬಿಣದ್ದು, ಕಪ್ಪು ಮ್ಯಾಂಗನೀಸ್ ಅಥವಾ ಕಾರ್ಬನ್ ಪುಡಿಯದು.

ನಮ್ಮ ಕಡೆಯದು ಬಂಡೆಯ ಸೀಳಿನಿಂದ ಬರುವ ಬೋರ್‌ವೆಲ್ ನೀರು. ಗಡಸು, ಫ್ಲೋರೈಡ್ ಜೊತೆ ಸಿಲಿಕಾನೂ ಇರುತ್ತದೆ. ಹಾಗಾಗಿ ಬರೀ ಸುಣ್ಣ, ಬರೀ ಲೋಳೆ ಸಿಗುವುದು ಅಪರೂಪ. ಸುಣ್ಣದ ಮೇಲೆ ಲೋಳೆ, ಲೋಳೆಯೊಳಗೆ ಕಬ್ಬಿಣ ಹೀಗೆ ಪದರ ಪದರ. ಅದಕ್ಕೇ ಕಾಸ್ಟಿಕ್ ಸೋಡಾ ಮೊದಲು, ಆಸಿಡ್ ಆಮೇಲೆ. ಆಸಿಡ್ ತಾಗಿದರೆ ಲೋಳೆಯೂ ಜೈವಿಕ ಕೊಳೆಯೂ ಮುದುಡಿ ಗಟ್ಟಿಯಾಗುತ್ತವೆ, ಸಿಲಿಕಾ ಇನ್ನಷ್ಟು ಬಿಗಿಯಾಗುತ್ತದೆ. ಆಮೇಲೆ ಕಾಸ್ಟಿಕ್ ಹಾಕಿದರೂ ಬಿಡುವುದಿಲ್ಲ. ಕಾಸ್ಟಿಕ್ ಮೇಲಿನ ಜಿಡ್ಡನ್ನು ಬಿಡಿಸಿದರೆ ಆಸಿಡ್ಡಿಗೆ ಸುಣ್ಣ ನೇರ ಸಿಗುತ್ತದೆ. ಹನಿ ಪರೀಕ್ಷೆಯಲ್ಲಿ ಬರೀ ಸುಣ್ಣ ಎಂದು ಖಾತ್ರಿಯಾದರೆ ಮಾತ್ರ ನೇರ ಆಸಿಡ್.

ಬೇಕಾದ ಸಾಮಾನು ಇಷ್ಟು: 200 ಲೀಟರಿನ ಪ್ಲಾಸ್ಟಿಕ್ ಡ್ರಮ್, ಗಂಟೆಗೆ 2000 ಲೀಟರನ್ನು 2ರಿಂದ 4 ಕೆಜಿ ಪ್ರೆಶರಿನಲ್ಲಿ ತಳ್ಳುವ ಸ್ಟೀಲ್ ಇಲ್ಲವೇ ಪ್ಲಾಸ್ಟಿಕ್ ಪಂಪ್, ದಾರಿಯಲ್ಲಿ 5 ಮೈಕ್ರಾನ್ ಕಾರ್ಟ್ರಿಡ್ಜ್, ಹೋಸ್ ಪೈಪುಗಳು, ಪಿಹೆಚ್ (ಆಮ್ಲ-ಕ್ಷಾರದ ಮಟ್ಟ) ಅಳೆಯುವ ಮೀಟರ್, ಥರ್ಮಾಮೀಟರ್, ಕನ್ನಡಕ, ರಬ್ಬರ್ ಗ್ಲೌಸ್. ಬೀಡುಕಬ್ಬಿಣದ ಮಾನೊಬ್ಲಾಕ್ ಪಂಪನ್ನು ಆಸಿಡ್ ತಿನ್ನುತ್ತದೆ, ತಿಂದ ಕಬ್ಬಿಣ ಸೀದಾ ಮೆಂಬ್ರೇನಿಗೆ ಹೋಗುತ್ತದೆ. ಘಟಕದ ಹೈ ಪ್ರೆಶರ್ ಪಂಪಿನಿಂದಲೇ ತೊಳೆಯುವುದೂ ತಪ್ಪು: ಪ್ರೆಶರ್ ಜಾಸ್ತಿಯಾದರೆ ಮದ್ದಿನ ನೀರು ಮೆಂಬ್ರೇನಿನ ಮೂಲಕ ಆಚೆ ಹೋಗಿ, ಕೊಳೆಯನ್ನು ಇನ್ನಷ್ಟು ಅಮುಕಿ ಕೂರಿಸುತ್ತದೆ. ತೊಳೆಯಲು ಬೇಕಿರುವುದು ಹರಿವು.

ರಿಜೆಕ್ಟ್ ಪೈಪನ್ನೂ ಶುದ್ಧ ನೀರಿನ ಪೈಪನ್ನೂ ಎರಡನ್ನೂ ಡ್ರಮ್ಮಿಗೆ ಇಳಿಬಿಡಿ. ಶುದ್ಧ ನೀರಿನ ವಾಲ್ವ್ ಯಾವ ಕಾರಣಕ್ಕೂ ಮುಚ್ಚಿರಬಾರದು. ಮುಚ್ಚಿದ್ದು ಪಂಪ್ ನಿಂತರೆ ಹಿಂದಿನಿಂದ ಒತ್ತಡ ಬಿದ್ದು ಮೆಂಬ್ರೇನಿನ ಅಂಟು ಬಿಡುತ್ತದೆ. ಹರಿವಿನ ದಿಕ್ಕು ಮಾಮೂಲಿನದೇ, ಉಲ್ಟಾ ಬಿಡಬೇಡಿ.

ಒಂದು 4040 ಮೆಂಬ್ರೇನಿಗೆ 10 ಲೀಟರ್, ನಾಲ್ಕಕ್ಕೆ 40, ಪೈಪು ಹೌಸಿಂಗಿಗೆ ಇನ್ನೊಂದಿಷ್ಟು, ಬಣ್ಣ ಕೆಟ್ಟ ನೀರು ಹೊರಚೆಲ್ಲಲು ಮತ್ತಷ್ಟು. ನಾನು 120 ಲೀಟರ್ ಕಲಸುತ್ತೇನೆ. ಅದು ಆರ್‌ಒ ನೀರೇ ಆಗಿರಬೇಕು. ಬೋರಿನ ಗಡಸು ನೀರಿಗೆ ಕಾಸ್ಟಿಕ್ ಹಾಕಿದರೆ ಡ್ರಮ್ಮಿನಲ್ಲೇ ಬೆಳ್ಳಗೆ ಸುಣ್ಣ ಒಡೆಯುತ್ತದೆ. ತೊಳೆಯಲು ಹೋಗಿ ಸುಣ್ಣ ಬಳಿದಂತೆ. ಘಟಕ ಪೂರ್ತಿ ನಿಲ್ಲುವ ಮುಂಚೆ 500 ಲೀಟರಾದರೂ ತುಂಬಿಸಿಟ್ಟುಕೊಳ್ಳಿ, ಜಾಲಿಸಲೂ ಅದೇ ಬೇಕು.

ಕಾಸ್ಟಿಕ್ ಸುತ್ತು: 120 ಲೀಟರಿಗೆ ಕಾಸ್ಟಿಕ್ ಸೋಡಾ ಫ್ಲೇಕ್ಸ್ 100 ಗ್ರಾಂ ಹತ್ತಿರ. ಮೊದಲು ಒಂದು ಬಕೆಟ್ಟಿನಲ್ಲಿ, ನೀರಿಗೆ ಫ್ಲೇಕ್ಸ್ ಹಾಕಿ ಕರಗಿಸಿಕೊಂಡು ಡ್ರಮ್ಮಿಗೆ ಸ್ವಲ್ಪ ಸ್ವಲ್ಪ ಸುರಿಯಿರಿ, ಪಿಹೆಚ್ 12 ಆದೊಡನೆ ನಿಲ್ಲಿಸಿ. ಲೋಳೆಗೆ ಸೋಡಿಯಂ ಲಾರಿಲ್ ಸಲ್ಫೇಟ್ 30 ಗ್ರಾಂ ಸೇರಿಸಿ. ಅದರ ಬದಲು ಬಟ್ಟೆ ಸೋಪಿನ ಪುಡಿ ಹಾಕಬೇಡಿ. ಅದರೊಳಗೆ ಏನೇನಿದೆಯೋ, ಕೆಲವು ಸೋಪಿನಂಶ ಪಾಲಿಅಮೈಡ್‌ಗೆ ಅಂಟಿದರೆ ಮತ್ತೆ ಬಿಡುವುದೇ ಇಲ್ಲ. ಸಲ್ಫೇಟ್ ಪೊರೆ ಅನುಮಾನವಿದ್ದರೆ ಟೆಟ್ರಾಸೋಡಿಯಂ ಇಡಿಟಿಎ 1.2 ಕೆಜಿ, ಪಿಹೆಚ್ ಅದೇ 12. ಉಷ್ಣತೆ 30ರ ಆಸುಪಾಸು, 35 ದಾಟಬಾರದು. ಬೇಸಿಗೆಯಲ್ಲಿ ಕಪ್ಪು ಡ್ರಮ್ಮನ್ನು ಬಿಸಿಲಿಗಿಟ್ಟು, ಪಂಪೂ ಸುತ್ತುತ್ತಿದ್ದರೆ ಎರಡು ಗಂಟೆಯಲ್ಲಿ ಆ ಗೆರೆ ದಾಟುತ್ತದೆ.

ಪಂಪನ್ನು ಅರ್ಧ ಹರಿವಿನಲ್ಲಿ ಶುರುಮಾಡಿ. ಮೊದಲು ಬರುವ 20 ಲೀಟರ್ ಹೌಸಿಂಗಿನಲ್ಲಿದ್ದ ಹಳೇ ನೀರು ಮತ್ತು ಸುಲಭವಾಗಿ ಕಿತ್ತ ಕೊಳೆ, ಅದನ್ನು ಡ್ರಮ್ಮಿಗೆ ಬಿಡದೆ ಬೇರೆ ಬಕೆಟ್ಟಿಗೆ ಹಿಡಿಯಿರಿ. ಮಿಕ್ಕಿದ್ದನ್ನು ಅರ್ಧ ಗಂಟೆ ಸುತ್ತಿಸಿ, ಪಂಪ್ ನಿಲ್ಲಿಸಿ ಒಂದು ಗಂಟೆ ನೆನೆಹಾಕಿ. ಬಲಿತ ಲೋಳೆಗೆ ರಾತ್ರಿಯಿಡೀ ನೆನೆಸುತ್ತೇನೆ, ನಡುನಡುವೆ ಐದೈದು ನಿಮಿಷ ಸುತ್ತಿಸುತ್ತೇನೆ. ಕೊನೆಗೆ ಪೂರ್ತಿ ಹರಿವಿನಲ್ಲಿ, ಗಂಟೆಗೆ 1800ರಿಂದ 2300 ಲೀಟರ್, ಮುಕ್ಕಾಲು ಗಂಟೆ. ಕೊಳೆ ಕಿತ್ತು ಬರುವುದು ಈ ಹೊತ್ತಿನಲ್ಲೇ, ನೆನೆಸಿದ್ದು ಸಡಿಲವಾಗಲು ಮಾತ್ರ. ಒಂದು ಮೆಂಬ್ರೇನಿನ ಉದ್ದಕ್ಕೆ ಪ್ರೆಶರ್ ಅಂತರ 1 ಕೆಜಿ ದಾಟದಂತೆ ನೋಡಿಕೊಳ್ಳಿ. ದಾಟಿದರೆ ಸುರುಳಿ ದುರ್ಬೀನಿನ ಹಾಗೆ ಹೊರಕ್ಕೆ ಜಾರುತ್ತದೆ. ನೀರು ಚಹದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಚೆಲ್ಲಿ ಹೊಸದಾಗಿ ಕಲಸಿ. ದುಡ್ಡುಳಿಸಲು ಅದನ್ನೇ ಸುತ್ತಿಸಿದರೆ ಮೊದಲನೇ ಮೆಂಬ್ರೇನಿನ ಕೊಳೆ ನಾಲ್ಕನೆಯದಕ್ಕೆ ಹೋಗಿ ಕೂರುತ್ತದೆ. ಆಮೇಲೆ ಆರ್‌ಒ ನೀರಿನಲ್ಲಿ, ಹೊರಬರುವ ನೀರಿನ ಪಿಹೆಚ್ 8ಕ್ಕೆ ಇಳಿಯುವ ತನಕ ಜಾಲಿಸಿ.

ಆಸಿಡ್ ಸುತ್ತಿನಲ್ಲಿ ಸಿಟ್ರಿಕ್ ಆಸಿಡ್ 2.4 ಕೆಜಿ, ಅಂದರೆ 2%. ಪಿಹೆಚ್ ತಾನಾಗಿಯೇ 2ರ ಹತ್ತಿರ ನಿಲ್ಲುತ್ತದೆ. ಕ್ರಮ ಹಿಂದಿನದೇ. ಸುಣ್ಣ ಬಹಳವಿದ್ದರೆ ಮಾತ್ರ ಹೈಡ್ರೋಕ್ಲೋರಿಕ್. 32% ಬಲದ್ದು 120 ಮಿಲಿಲೀಟರ್ ಹಾಕಿದರೆ 120 ಲೀಟರ್ ಪಿಹೆಚ್ 2ಕ್ಕೆ ಬರುತ್ತದೆ. ಸುತ್ತುತ್ತಿರುವಾಗ ಹತ್ತು ನಿಮಿಷಕ್ಕೊಮ್ಮೆ ಪಿಹೆಚ್ ನೋಡಿ. ಸುಣ್ಣ ಕರಗಿದಂತೆ ಆಸಿಡ್ ಖರ್ಚಾಗಿ ಪಿಹೆಚ್ ಏರುತ್ತದೆ. ಅರ್ಧ ಅಂಶ ಏರಿದಾಗ ಮತ್ತೆ ಅಷ್ಟಷ್ಟೇ ಸೇರಿಸಿ. ಏರುವುದು ನಿಂತಿತೆಂದರೆ ಆಸಿಡ್ಡಿಗೆ ಸಿಗುವ ಸುಣ್ಣ ಮುಗಿದಿದೆ. ನನಗೆ ಗಡಿಯಾರಕ್ಕಿಂತ ಈ ಗುರುತೇ ಹೆಚ್ಚು. ಸಲ್ಫ್ಯೂರಿಕ್ ಬೇಡವೇ ಬೇಡ, ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಸಲ್ಫೇಟ್ ಆಗಿ ಅಲ್ಲೇ ಕೂರುತ್ತದೆ. ಟಾಯ್ಲೆಟ್ ತೊಳೆಯುವ ಬಾಟಲಿ ಆಸಿಡ್ಡೂ ಬೇಡ, ಅದರಲ್ಲಿ ಸೋಪು, ಬಣ್ಣ, ಮಂದ ಮಾಡುವ ಅಂಟು ಇರುತ್ತದೆ. ಆಸಿಡ್ ಇರುವ ಕಡೆ ಬ್ಲೀಚಿಂಗ್ ಪೌಡರ್ ಡಬ್ಬ ಇರಬಾರದು. ಎರಡೂ ಸೇರಿದರೆ ಕ್ಲೋರಿನ್ ಗ್ಯಾಸ್, ಘಟಕದ ಕೋಣೆಗಳಿಗೆ ಇರುವುದು ಒಂದೇ ಬಾಗಿಲು.

ಬರೀ ಕಬ್ಬಿಣವಾದರೆ ಸೋಡಿಯಂ ಹೈಡ್ರೋಸಲ್ಫೈಟ್ 1%, ಪಿಹೆಚ್ 5. ಕಲಸಿದ ಕೂಡಲೇ ಬಳಸಬೇಕು, ಗಾಳಿಗೆ ಶಕ್ತಿ ಕಳೆದುಕೊಳ್ಳುತ್ತದೆ. ವಾಸನೆ ಗಂಟಲಿಗೆ ಹಿಡಿಯುತ್ತದೆ. ಗಟ್ಟಿಯಾದ ಸಿಲಿಕಾಗೆ ಬೈಫ್ಲೋರೈಡ್ ಮದ್ದು ಹೇಳುವವರಿದ್ದಾರೆ. ಕುಡಿಯುವ ನೀರಿನ ಘಟಕದಲ್ಲಿ, ಅದೂ ಫ್ಲೋರೈಡ್ ತೆಗೆಯಲೆಂದೇ ಕಟ್ಟಿದ ಕಡೆ, ನಾನು ಅದನ್ನು ಮುಟ್ಟುವುದಿಲ್ಲ. ಎರಡು ಸುತ್ತು ಕಾಸ್ಟಿಕ್ಕಿಗೂ ಬಗ್ಗದ ಸಿಲಿಕಾ ಇದ್ದರೆ ಕೊನೆಯ ಮೆಂಬ್ರೇನ್ ಬದಲಾಯಿಸುವುದೇ ಅಗ್ಗ.

ಮುಗಿದ ಮೇಲೆ ಘಟಕ ಓಡಿಸಿ ಮೊದಲ ಒಂದು ಗಂಟೆಯ ಶುದ್ಧ ನೀರನ್ನು ಚರಂಡಿಗೆ ಬಿಡಿ, ಪಿಹೆಚ್ ಮತ್ತು ಟಿಡಿಎಸ್ ಸರಿಬಂದ ಮೇಲೇ ಕ್ಯಾನ್ ಹಿಡಿಯಲಿ. ಕಾಸ್ಟಿಕ್ ಆದ ಮೇಲೆ ಕೆಲವು ಗಂಟೆ ಟಿಡಿಎಸ್ ಮಾಮೂಲಿಗಿಂತ ಜಾಸ್ತಿ ತೋರಿಸುತ್ತದೆ, ಮೆಂಬ್ರೇನ್ ಸಡಿಲವಾಗಿರುವುದರಿಂದ. ಗಾಬರಿಯಾಗಿ ಮತ್ತೆ ಆಸಿಡ್ ಹಾಕಬೇಡಿ. ತೊಳೆದ ನೀರನ್ನು ಕೆರೆಗೋ ತೋಟಕ್ಕೋ ಬಿಡುವಂತಿಲ್ಲ. ಕಾಸ್ಟಿಕ್ ನೀರು, ಆಸಿಡ್ ನೀರು ಬೆರೆಸಿದರೆ ಸಮವಾಗುತ್ತದೆ ಎಂದುಕೊಳ್ಳುತ್ತಾರೆ, ಆಗುವುದಿಲ್ಲ: 2.4 ಕೆಜಿ ಸಿಟ್ರಿಕ್ ಎದುರು 100 ಗ್ರಾಂ ಕಾಸ್ಟಿಕ್ ಏನೂ ಅಲ್ಲ. ಪಿಹೆಚ್ 7ಕ್ಕೆ ಬರಲು ಅರಳಿದ ಸುಣ್ಣ ಒಂದೂವರೆ ಕೆಜಿಯ ತನಕ ಬೇಕಾಗುತ್ತದೆ.

ಇಷ್ಟು ಮಾಡಿಯೂ ಎರಡೇ ತಿಂಗಳಿಗೆ ಮತ್ತೆ ಚೋಕ್ ಆದರೆ ರಿಜೆಕ್ಟ್ ವಾಲ್ವ್ ಮೇಲೆ ಕಣ್ಣಿಡಿ. ‘ನೀರು ಸುಮ್ಮನೆ ಪೋಲಾಗುತ್ತದೆ’ ಎಂದು ಆಪರೇಟರೋ ನೀರುಗಂಟಿಯೋ ಅದನ್ನು ಅರ್ಧ ಸುತ್ತು ಬಿಗಿ ಮಾಡಿರುತ್ತಾರೆ. ಹರಿವು ತೋರಿಸುವ ರೋಟಾಮೀಟರಿನ ಗಾಜು ಮಬ್ಬಾಗಿದ್ದರೂ ಟಿಡಿಎಸ್ ಮೀಟರ್ ಸಾಕು: ರಿಜೆಕ್ಟ್ ಟಿಡಿಎಸ್ಸನ್ನು ಬೋರ್ ನೀರಿನ ಟಿಡಿಎಸ್ಸಿನಿಂದ ಭಾಗಿಸಿ. 2 ಬಂದರೆ ಅರ್ಧ ನೀರು ಶುದ್ಧವಾಗಿ ಬರುತ್ತಿದೆ, 3 ಬಂದರೆ ಮೂರರಲ್ಲಿ ಎರಡು ಪಾಲು, 4 ಬಂದರೆ ಮುಕ್ಕಾಲು. 600 ಗಡಸಿರುವ ನೀರು 4ಕ್ಕೆ ಹೋದರೆ ಕೊನೆಯ ಮೆಂಬ್ರೇನಿನಲ್ಲಿ 2400 ಗಡಸು. ನಮ್ಮ ನೀರಿಗೆ ನಾನು 2 ದಾಟಿಸುವುದಿಲ್ಲ.

ನೋಡಬೇಕಾದ ಇನ್ನೊಂದು, ಆಂಟಿಸ್ಕೇಲೆಂಟ್ (ಮೆಂಬ್ರೇನಿನಲ್ಲಿ ಸುಣ್ಣ ಕಟ್ಟದಂತೆ ತಡೆಯುವ ಮದ್ದು) ಡ್ರಮ್. ಕಮ್ಮಿಯಾದಾಗಲೆಲ್ಲ ನೀರು ಮಾತ್ರ ತುಂಬಿಸಿ ತುಂಬಿಸಿ ಕೊನೆಗೆ ಅದು ಬರೀ ನೀರಾಗಿರುತ್ತದೆ. ಲೆಕ್ಕ ಹೀಗೆ: ಗಂಟೆಗೆ 2000 ಲೀಟರ್ ಒಳಹೋಗುವ ನೀರಿಗೆ ಲೀಟರಿಗೆ 4 ಮಿಲಿಗ್ರಾಂನಂತೆ ಗಂಟೆಗೆ 8 ಗ್ರಾಂ ಬೇಕು. ಡೋಸಿಂಗ್ ಪಂಪ್ ಗಂಟೆಗೆ 0.6 ಲೀಟರ್ ತಳ್ಳುವಂತಿದ್ದರೆ 50 ಲೀಟರ್ ಡ್ರಮ್ಮಿಗೆ 670 ಗ್ರಾಂ. ಕಲಸಲು ಆರ್‌ಒ ನೀರೇ ಬಳಸಿ. ಡ್ರಮ್ಮಿನ ಗೋಡೆ ಜಾರುತ್ತಿದ್ದರೆ ಮದ್ದಿನಲ್ಲೇ ಲೋಳೆ ಬೆಳೆದಿದೆ, ಚೆಲ್ಲಿ ತೊಳೆಯಿರಿ.

ಕರೆಂಟ್ ಹೋಗಿ ಘಟಕ ನಿಂತಾಗ ಗಟ್ಟಿ ನೀರು ಮೆಂಬ್ರೇನಿನಲ್ಲೇ ಉಳಿಯುತ್ತದೆ. ನಿಲ್ಲಿಸುವ ಮುಂಚೆ ರಿಜೆಕ್ಟ್ ವಾಲ್ವ್ ಪೂರ್ತಿ ತೆರೆದು ಐದು ನಿಮಿಷ ಹರಿಸುವುದು, ಸಾಧ್ಯವಾದರೆ ಶುದ್ಧ ನೀರಿನಲ್ಲೇ ಹರಿಸುವುದು, ಆಪರೇಟರಿಗೆ ಅಭ್ಯಾಸವಾಗಬೇಕು. ಬೋರ್ ಮೋಟಾರು ಸುಟ್ಟು ವಾರಗಟ್ಟಲೆ ನಿಲ್ಲುವಂತಿದ್ದರೆ ತೊಳೆದು, ಸೋಡಿಯಂ ಮೆಟಾಬೈಸಲ್ಫೈಟ್ 1% ನೀರು ತುಂಬಿ, ಗಾಳಿಯಾಡದಂತೆ ವಾಲ್ವ್‌ಗಳನ್ನು ಮುಚ್ಚಿಡಿ; 120 ಲೀಟರಿಗೆ 1.2 ಕೆಜಿ. ತಿಂಗಳಿಗೊಮ್ಮೆ ಬದಲಾಯಿಸಿ, ಪಿಹೆಚ್ 3ಕ್ಕಿಂತ ಕೆಳಗಿಳಿದರೆ ಅದಕ್ಕೂ ಮುಂಚೆಯೇ.